ಚರ್ಚಿನ ಅಂಗಳದಲ್ಲಿ ಯಾರದೋ ಕಲ್ಲು

ಇಂಗ್ಲೆಂಡಿನ ಆರ್ಡ್ನೆನ್ಸ್ ಸರ್ವೆ ಇಲಾಖೆಯವರ ನಕಾಶೆ ಒಂದನ್ನು ಕೊಂಡೆ. ಕಿತ್ತಳೆ ಬಣ್ಣದ ರಟ್ಟು, ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಲೆಕ್ಕ. ಬಿಚ್ಚಿದರೆ ಊಟದ ಮೇಜು ಸಾಲುವುದಿಲ್ಲ, ಮತ್ತೆ ಮಡಚಲು ಮಗಳೇ ಬರಬೇಕು. ಅದರಲ್ಲಿ ಗೋಪುರವಿರುವ ಚರ್ಚಿಗೆ ಕಪ್ಪು ಚೌಕದ ಮೇಲೊಂದು ಶಿಲುಬೆ. ಚೂಪು ಶಿಖರದ ಚರ್ಚಾದರೆ ಚೌಕದ ಬದಲು ದುಂಡು ಚುಕ್ಕೆ. ಎರಡೂ ಇಲ್ಲದ ಬಡಪಾಯಿಗೆ ಬರೀ ಶಿಲುಬೆ. ಇತಿಹಾಸಪೂರ್ವದ ಕಲ್ಲು, ದಿಬ್ಬ, ಕಂದಕಗಳ ಹೆಸರುಗಳನ್ನು ಮಾತ್ರ ಹಳೇ ಬೈಬಲಿನಲ್ಲಿ ಕಾಣುವ ಗಾಥಿಕ್ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಮನೆಯಲ್ಲಿ ಕೂತು ನೋಡುತ್ತಾ ಹೋದರೆ ಕೆಲವು ಕಡೆ ಶಿಲುಬೆಯೂ ಗಾಥಿಕ್ ಅಕ್ಷರವೂ ಒಂದರ ಮೇಲೊಂದು ಬಿದ್ದಿವೆ, ಅಚ್ಚಿನವರಿಗೆ ಜಾಗ ಸಾಲದೆ ಹೆಸರನ್ನು ಪಕ್ಕಕ್ಕೆ ತಳ್ಳಿದ್ದಾರೆ. ಅಂಥ ಊರುಗಳಿಗೆ ಹೋಗೋಣ ಎಂದು ಅಳಿಯನಿಗೆ ಗಂಟುಬಿದ್ದೆ. ಆತ ಒಳ್ಳೆಯವನು. "ಆಗಲಿ ಮಾವ, ಆದರೆ ಮೋಟಾರ್‌ವೇ ಬೇಡ, ಹಳ್ಳಿ ರಸ್ತೆಯಲ್ಲೇ ಹೋಗೋಣ" ಎಂದ. ಹಳ್ಳಿ ರಸ್ತೆ ಎಂದರೆ ಎರಡು ಕಡೆಯೂ ಆಳೆತ್ತರದ ಬೇಲಿ, ಎದುರಿಗೊಂದು ಟ್ರಾಕ್ಟರ್ ಬಂದರೆ ಫರ್ಲಾಂಗು ಹಿಂದಕ್ಕೆ ಹೋಗುವುದು.

*

ಮೊದಲ ಗೊಂದಲ ಬೀಗದ್ದು.

ವಿಲ್ಟ್‌ಷೈರಿನ ಒಂದು ಹಳ್ಳಿ. ಹತ್ತಿಪ್ಪತ್ತು ಮನೆ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಚರ್ಚಿನ ಬಾಗಿಲು ಓಕ್ ಮರದ್ದು, ಮೈತುಂಬ ಮೊಳೆ ತಲೆಗಳು, ಮಧ್ಯದಲ್ಲಿ ಅಂಗೈ ಅಗಲದ ಕಬ್ಬಿಣದ ಬಳೆ. ಬಳೆಯನ್ನು ತಿರುವಿದರೆ ಆಚೆ ಬದಿಯಲ್ಲಿ ಅಗುಳಿ ಎದ್ದ ಸದ್ದು, ಬಾಗಿಲು ತೆರೆದುಕೊಂಡಿತು. ಒಳಗೂ ಯಾರಿಲ್ಲ. ಹಿತ್ತಾಳೆ ದೀಪಸ್ತಂಭ ಇದೆ, ಬಣ್ಣದ ಗಾಜು ಇದೆ, ಮೇಜಿನ ಮೇಲೆ ಮನೆಯಲ್ಲಿ ಮಾಡಿದ ಜಾಮಿನ ಬಾಟಲಿಗಳು, ಹಳೇ ಪತ್ತೇದಾರಿ ಕಾದಂಬರಿಗಳು. ಬೇಕಾದ್ದು ತೆಗೆದುಕೊಂಡು ಗೋಡೆಯಲ್ಲಿ ಹೂತ ಕಬ್ಬಿಣದ ಡಬ್ಬಿಗೆ ದುಡ್ಡು ಹಾಕಿ ಎಂದು ಚೀಟಿ. ಕಾವಲಿಲ್ಲ, ಕ್ಯಾಮರಾ ಇದ್ದಂತೆ ಕಾಣಲಿಲ್ಲ.

ಹೂವು ಜೋಡಿಸಲು ಬಂದ ಮುದುಕಿಯೊಬ್ಬರು ಸಿಕ್ಕರು. ಬೀಗ ಏಕೆ ಹಾಕುವುದಿಲ್ಲ ಎಂದು ಕೇಳಿಯೇಬಿಟ್ಟೆ.

"ವಿಮೆ ಕಂಪನಿಯವರೇ ಹಗಲು ಹೊತ್ತು ತೆರೆದಿಡಿ ಅನ್ನುತ್ತಾರೆ. ಯಾರು ಯಾವಾಗ ಬರುತ್ತಾರೋ ಎಂಬ ಭಯ ಕಳ್ಳನಿಗೆ ಇರಬೇಕಂತೆ."

"ಹಾಗಾದರೆ ಇಲ್ಲಿ ಕಳ್ಳತನವೇ ಆಗಿಲ್ಲವೇ?"

"ಆಗಿದೆ. ಮೇಲಿನಿಂದ."

ಕತ್ತೆತ್ತಿ ತೋರಿಸಿದರು. ಚಾವಣಿಗೆ ಹೊದಿಸಿದ್ದ ಸೀಸದ ತಗಡನ್ನು ಒಂದೇ ರಾತ್ರಿಯಲ್ಲಿ ಸುಲಿದುಕೊಂಡು ಹೋಗಿದ್ದರು. ಈ ದೇಶದ ಹಳ್ಳಿ ಚರ್ಚುಗಳಿಗೆ ಇದೇ ದೊಡ್ಡ ಪೀಡೆ. ಸೀಸಕ್ಕೆ ಗುಜರಿಯಲ್ಲಿ ಬೆಲೆಯಿದೆ, ಹೋದಮೇಲೆ ಮೊದಲ ಮಳೆಗೇ ಒಳಗಿನ ಮರವೆಲ್ಲ ಹಾಳು. ಹೀಗಾಗಿ ಬಾಗಿಲು ತೆರೆದಿರುತ್ತದೆ, ಸೂರಿಗೆ ಮಾತ್ರ ಅಲಾರಂ ಕಟ್ಟಿರುತ್ತಾರೆ. ಇದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ನಮ್ಮೂರ ಗುಡಿಗಳನ್ನು ಇದರ ಪಕ್ಕ ನಿಲ್ಲಿಸಿ ಹಳಿಯುವುದು ನ್ಯಾಯವಲ್ಲ. ನಮ್ಮಲ್ಲಿ ದೇವರು ಒಳಗೇ ಇರುತ್ತಾನೆ, ಅವನ ಮೈಮೇಲೆ ಒಡವೆಯೂ ಇರುತ್ತದೆ, ಮಧ್ಯಾಹ್ನ ಅವನು ಮಲಗಲೂಬೇಕು. ಇಲ್ಲಿನ ಬೆಳ್ಳಿ ಬಟ್ಟಲುಗಳು ತಿಜೋರಿಯಲ್ಲೋ ಬ್ಯಾಂಕಿನಲ್ಲೋ ಇರುತ್ತವೆ. ತೆರೆದ ಬಾಗಿಲಿನ ಒಳಗೆ ಉಳಿದಿರುವುದು ಎತ್ತಿಕೊಂಡು ಹೋಗಲಾರದ ಸಾಮಾನು: ಕಲ್ಲು, ಮರ, ಸತ್ತವರ ಹೆಸರು.

*

ಕಂಬದ ಮೇಲೊಂದು ಮರದ ಹಲಗೆ, ಅದರಲ್ಲಿ ಬರೀ ಸಂಖ್ಯೆ: 165, 379, 27. ತಂಬೋಲಾ ಆಡುತ್ತಾರೇನೋ ಅನ್ನುವಂತಿದೆ. ಆ ಭಾನುವಾರ ಹಾಡಬೇಕಾದ ಕೀರ್ತನೆಗಳ ಕ್ರಮಸಂಖ್ಯೆ ಅದು. ಭಾನುವಾರ ಕಳೆದು ದಿನಗಳಾಗಿದ್ದವು, ಯಾರೂ ತೆಗೆದಿರಲಿಲ್ಲ.

*

ರಡ್‌ಸ್ಟನ್. ಯಾರ್ಕ್‌ಷೈರಿನ ಪೂರ್ವ ಭಾಗ, ಸಮುದ್ರಕ್ಕೆ ದೂರವಿಲ್ಲ. ದಿಣ್ಣೆಯ ಮೇಲೆ ಆಲ್ ಸೇಂಟ್ಸ್ ಚರ್ಚು. ಅದರ ಗೋಡೆಯಿಂದ ಕೆಲವೇ ಹೆಜ್ಜೆಗೆ, ಸಮಾಧಿಗಳ ನಡುವೆ, ಒಂಟಿ ಕಲ್ಲೊಂದು ನಿಂತಿದೆ. ಎತ್ತರ 7.6 ಮೀಟರ್, ಅಂದರೆ 25 ಅಡಿ. ಬ್ರಿಟನ್ನಿನಲ್ಲಿ ನಿಂತಿರುವ ಪ್ರಾಚೀನ ಕಲ್ಲುಗಳಲ್ಲಿ ಇದೇ ಎಲ್ಲಕ್ಕಿಂತ ಎತ್ತರದ್ದು. ಸ್ಟೋನ್‌ಹೆಂಜಿನ ಕಲ್ಲುಗಳು ಕೂಡ ಇದಕ್ಕಿಂತ ಗಿಡ್ಡ. ಸ್ಟೋನ್‌ಹೆಂಜಿಗೆ ಟಿಕೆಟ್ಟು, ಬಸ್ಸು, ಹಗ್ಗದ ಬೇಲಿ ಎಲ್ಲ ಇವೆ. ಇಲ್ಲಿ ನಾನು, ಅಳಿಯ, ಒಂದು ಬೆಕ್ಕು.

ನಿಲ್ಲಿಸಿ ನಾಲ್ಕು ಸಾವಿರ ವರ್ಷವಾದರೂ ಆಗಿದೆ. ಸುತ್ತಮುತ್ತ ಎಲ್ಲ ಬಿಳಿ ಸುಣ್ಣದ ನೆಲ, ಒತ್ತಿದರೆ ಪುಡಿಯಾಗುವ ಜಾತಿ. ಕಲ್ಲು ಮಾತ್ರ ಒರಟು ಮರಳುಗಲ್ಲು. ಹತ್ತಿರವೆಂದರೆ 16 ಕಿಲೋಮೀಟರ್ ದೂರದ ಕೇಟನ್ ಬೇ ಕರಾವಳಿಯಲ್ಲಿ ಸಿಗುತ್ತದೆ. ಅಲ್ಲಿಂದ ಎಳೆದು ತಂದರು ಎಂದು ಭೂವಿಜ್ಞಾನಿಗಳ ಅಂದಾಜು. 18ನೇ ಶತಮಾನದ ಕೊನೆಯಲ್ಲಿ ಸರ್ ವಿಲಿಯಂ ಸ್ಟ್ರಿಕ್‌ಲ್ಯಾಂಡ್ ಎಂಬಾತ ಬುಡ ಅಗೆಸಿ ನೋಡಿ, ಮೇಲಿರುವಷ್ಟೇ ಕೆಳಗೂ ಇರಬೇಕು ಎಂದು ಲೆಕ್ಕ ಹೇಳಿದ. ನೆತ್ತಿಗೆ ಸೀಸದ ಟೋಪಿಯೊಂದನ್ನು ಹಾಕಿದ್ದಾರೆ, ಮೊದಲ ಸಲ ಹಾಕಿದ್ದು 1773ರಲ್ಲಿ. ಬಿರುಕಿನಲ್ಲಿ ಮಳೆನೀರು ಇಳಿದು, ಚಳಿಗೆ ಹೆಪ್ಪುಗಟ್ಟಿ ಕಲ್ಲು ಸೀಳದಿರಲಿ ಎಂದು. ಆ ಟೋಪಿಗೆ ಕಳ್ಳರ ಕಣ್ಣು ಬೀಳದಿರಲಿ.

ಏಕೆ ನಿಲ್ಲಿಸಿದರು? ಗೊತ್ತಿಲ್ಲ. ಊರಿನ ಸುತ್ತ ಆ ಕಾಲದವರೇ ತೋಡಿದ, ಕಿಲೋಮೀಟರುಗಟ್ಟಲೆ ಜೋಡಿಯಾಗಿ ಸಾಗುವ ಕಂದಕಗಳ ಗುರುತುಗಳಿವೆ. ಅವು ಏಕೆ? ಅದೂ ಗೊತ್ತಿಲ್ಲ. ವಿದ್ವಾಂಸರ ಬರಹಗಳಲ್ಲಿ 'ಬಹುಶಃ', 'ಇದ್ದಿರಬಹುದು' ಎಂಬ ಮಾತುಗಳೇ ತುಂಬಿವೆ. ಜನಪದಕ್ಕೆ ಅಂಥ ಸಂಕೋಚವಿಲ್ಲ. ಚರ್ಚು ಕಟ್ಟಿದ್ದಕ್ಕೆ ಸಿಟ್ಟಾದ ಸೈತಾನ ಅದರ ಮೇಲೆ ಭರ್ಜಿ ಎಸೆದನಂತೆ, ಗುರಿ ತಪ್ಪಿ ಅಂಗಳದಲ್ಲಿ ನೆಟ್ಟುಕೊಂಡಿತಂತೆ. ಕಲ್ಲು ನೆಟ್ಟು ಮೂರು ಸಾವಿರ ವರ್ಷವಾದ ಮೇಲೆ ಚರ್ಚು ಬಂದದ್ದು ಎಂಬ ಸಣ್ಣ ತೊಡಕನ್ನು ಯಾರೂ ಸೈತಾನನ ಗಮನಕ್ಕೆ ತಂದಿಲ್ಲ.

ನಮ್ಮ ಕಡೆಯಾಗಿದ್ದರೆ ಭೀಮ ಎಸೆಯುತ್ತಿದ್ದ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಗುಡ್ಡದ ಮೇಲೆ ನೂರಾರು ಶಿಲಾಕೋಣೆಗಳಿವೆ, ಬೃಹತ್ ಶಿಲಾಯುಗದವರು ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದವು. ಊರವರಿಗೆ ಅದು ಮೋರ್ಯರ ಗುಡ್ಡ, ಅವು ಮೋರ್ಯರ ಮನೆ. ಮೋರ್ಯರೆಂದರೆ ಕುಳ್ಳ ಜನ, ಅಷ್ಟು ಸಣ್ಣ ಮನೆಯಲ್ಲಿ ಇನ್ಯಾರು ಇರಲು ಸಾಧ್ಯ? ಕಲ್ಲನ್ನು ನೋಡಿ ಕತೆ ಕಟ್ಟುವುದರಲ್ಲಿ ಯಾರ್ಕ್‌ಷೈರಿನ ರೈತನೂ ಕೊಪ್ಪಳದ ರೈತನೂ ಅಷ್ಟೇನೂ ದೂರವಿಲ್ಲ.

ಇದೇ ಅಂಗಳದಲ್ಲಿ ಕಾದಂಬರಿಕಾರ್ತಿ ವಿನಿಫ್ರೆಡ್ ಹೋಲ್ಟ್‌ಬಿಯ ಸಮಾಧಿಯೂ ಇದೆ. ಈ ಊರಲ್ಲೇ ಹುಟ್ಟಿದವಳು, 1935ರಲ್ಲಿ ತೀರಿಕೊಂಡಾಗ ವಯಸ್ಸು 37. ಅವಳನ್ನು ಹುಡುಕಿಕೊಂಡು ಬರುವವರೂ ಇದ್ದಾರೆ. ಕಲ್ಲನ್ನು ಬೆನ್ನ ಹಿಂದೆ ಬಿಟ್ಟು ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

*

ನೋಲ್ಟನ್, ಡಾರ್ಸೆಟ್. ಇಲ್ಲಿ ಗೊಂದಲ ಇನ್ನೂ ಗಟ್ಟಿ.

ವೃತ್ತಾಕಾರದ ಮಣ್ಣಿನ ಏರಿ, ಏರಿಯ ಒಳಬದಿಯಲ್ಲಿ ಕಂದಕ. ಕ್ರಿ.ಪೂ. 2500ರ ಸುಮಾರಿನದು. ಕೋಟೆಯಲ್ಲ, ಏಕೆಂದರೆ ಕೋಟೆಗೆ ಕಂದಕ ಹೊರಗಿರುತ್ತದೆ. ಶ್ರೀರಂಗಪಟ್ಟಣ ನೋಡಿದ ಯಾವ ಹುಡುಗನೂ ಇದನ್ನು ಹೇಳುತ್ತಾನೆ. ಹೊರಗಿನವರನ್ನು ತಡೆಯಲಿಕ್ಕಲ್ಲ, ಒಳಗಿನದ್ದನ್ನು ಒಳಗೇ ಇಡಲಿಕ್ಕೆ ಇರಬಹುದೇ? ಆ ವೃತ್ತದ ಸರಿಯಾಗಿ ನಡುವೆ 12ನೇ ಶತಮಾನದ ನಾರ್ಮನ್ ಚರ್ಚು, ಈಗ ಸೂರಿಲ್ಲದ ಹಾಳು. ಚಕಮಕಿ ಕಲ್ಲಿನ ಗೋಡೆ, 15ನೇ ಶತಮಾನದ ಗೋಪುರ. 18ನೇ ಶತಮಾನದಲ್ಲಿ ಚಾವಣಿ ಕುಸಿಯಿತು, ಜನ ಬಿಟ್ಟರು. ಇದ್ದ ಊರೂ ಮಾಯ. ಸುತ್ತ ಹೊಲ, ಪಕ್ಕದಲ್ಲೊಂದು ದೊಡ್ಡ ಸಮಾಧಿ ದಿಬ್ಬ, ಅದರ ಮೇಲೆ ಮರಗಳು.

ಪೇಗನ್ನರ ಪವಿತ್ರ ಜಾಗದ ಮೇಲೆ ಚರ್ಚು ಕಟ್ಟಿದರು ಎಂಬ ವಿವರಣೆ ಎಲ್ಲರ ನಾಲಗೆಯ ತುದಿಯಲ್ಲೂ ಇದೆ. ಆಧಾರವಾಗಿ ಒಂದು ಪತ್ರವನ್ನು ತೋರಿಸುತ್ತಾರೆ. ಕ್ರಿ.ಶ. 601ರಲ್ಲಿ ಪೋಪ್ ಗ್ರೆಗರಿ ಬರೆದದ್ದು: ಇಂಗ್ಲಿಷರ ಗುಡಿಗಳನ್ನು ಕೆಡವಬೇಡಿ, ವಿಗ್ರಹಗಳನ್ನು ಮಾತ್ರ ತೆಗೆಯಿರಿ, ಪವಿತ್ರಜಲ ಚಿಮುಕಿಸಿ, ಜನ ರೂಢಿಯ ಜಾಗಕ್ಕೇ ಬರಲಿ ಎಂಬ ತಾತ್ಪರ್ಯ. ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ ತನ್ನ ಇತಿಹಾಸದಲ್ಲಿ ಆ ಪತ್ರವನ್ನು ಉಳಿಸಿದ್ದಾನೆ. ಜಾಣ ಪತ್ರ. ನನಗೆ ಅನುಮಾನ ಬೇರೆ. ಏರಿ ತೋಡಿದವರಿಗೂ ಚರ್ಚು ಕಟ್ಟಿದವರಿಗೂ ನಡುವೆ ಮೂರೂವರೆ ಸಾವಿರ ವರ್ಷಕ್ಕಿಂತ ಹೆಚ್ಚು ಅಂತರ. ನಡುವೆ ಕಂಚಿನವರು, ಕಬ್ಬಿಣದವರು, ರೋಮನ್ನರು, ಸ್ಯಾಕ್ಸನ್ನರು ಬಂದುಹೋದರು, ಭಾಷೆಗಳೇ ಬದಲಾದವು. ಇದು ಪವಿತ್ರ ಎಂಬ ನೆನಪನ್ನು ಅಷ್ಟು ಕಾಲ ಯಾರು ಯಾರ ಕಿವಿಯಲ್ಲಿ ಹೇಳುತ್ತಾ ಬಂದರು? ಅಥವಾ ನಾರ್ಮನ್ ಮೇಸ್ತ್ರಿಗೆ ಸಿದ್ಧ ಕಾಂಪೌಂಡು ಸಿಕ್ಕಿತು ಎಂಬುದಷ್ಟೇ ವಿಷಯವೋ?

ನೆನಪಿಲ್ಲದೆಯೂ ಜಾಗ ಮುಂದುವರಿಯುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. ಭೀಮಾ ತೀರದ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿಯಿತು. ವಿಗ್ರಹವನ್ನು ಕೂರಿಸಿದ್ದ ಪೀಠದ ಚಪ್ಪಡಿ ನೋಡಿದರೆ ಅದರ ಮೇಲೆ ಅಶೋಕನ ಶಾಸನ, ಬ್ರಾಹ್ಮಿ ಲಿಪಿಯಲ್ಲಿ. ಪೀಠ ಮಾಡಿದವರಿಗೆ ಅಶೋಕನ ಹೆಸರು ಬೇಕಿರಲಿಲ್ಲ, ಒಳ್ಳೆಯ ಚಪ್ಪಡಿ ಬೇಕಿತ್ತು. ಕಾಳಿಗೆ ಕೈಮುಗಿದವರೆಲ್ಲ ಗೊತ್ತಿಲ್ಲದೆ ದೇವಾನಾಂಪ್ರಿಯನಿಗೂ ಮುಗಿದರು.

ನೋಲ್ಟನ್ನಿನ ಏರಿಯ ಪೂರ್ವಕ್ಕೆ ಮುದಿ ಯೂ ಮರಗಳಿವೆ. ಕೊಂಬೆಗೆ ಯಾರೋ ಬಣ್ಣದ ರಿಬ್ಬನ್ನು, ಚೀಟಿ ಕಟ್ಟಿದ್ದಾರೆ, ಹೊಸವೇ. ಹರಕೆಯೋ, ಸತ್ತವರ ನೆನಪೋ. ಚರ್ಚು ಹಾಳಾದರೂ ಹರಕೆ ನಿಂತಿಲ್ಲ ಎಂದು ಬರೆದುಕೊಂಡೆ. ಅಳಿಯ ಓದಿ, "ಮಾವ, ಇದು ಇತ್ತೀಚಿನ ಶೋಕಿ, ಹಳೆಯದೇನಲ್ಲ" ಎಂದ. ಇರಬಹುದು. ಎಲ್ಲ ಹರಕೆಯೂ ಒಂದು ಕಾಲದಲ್ಲಿ ಇತ್ತೀಚಿನದೇ.

*

ಯೂ ಮರದ ವಿಷಯ. ಇಲ್ಲಿನ ಹಳೇ ಚರ್ಚುಗಳ ಅಂಗಳದಲ್ಲಿ ಪದೇ ಪದೇ ಇದೇ ಮರ. ಕಪ್ಪು ಹಸಿರು, ಬುಡ ಹತ್ತಾಳು ತಬ್ಬುವಷ್ಟು. ಏಕೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಎಲೆ ವಿಷ, ಹಾಗಾಗಿ ರೈತರು ದನಗಳನ್ನು ಅಂಗಳಕ್ಕೆ ಬಿಡುವುದಿಲ್ಲ ಎಂದು ಒಬ್ಬರು. ಬಿಲ್ಲಿಗೆ ಮರ ಬೇಕಿತ್ತು ಎಂದು ಇನ್ನೊಬ್ಬರು. ಸದಾ ಹಸಿರು, ಪುನರುತ್ಥಾನದ ಗುರುತು ಎಂದು ಪಾದ್ರಿ. ಮರವೇ ಮೊದಲು, ಚರ್ಚು ಆಮೇಲೆ ಎಂದು ಮತ್ತೊಬ್ಬರು. ವಯಸ್ಸನ್ನಾದರೂ ಎಣಿಸೋಣವೆಂದರೆ ಮುದಿ ಯೂ ಒಳಗೆ ಟೊಳ್ಳಾಗುತ್ತದೆ, ಉಂಗುರಗಳೇ ಉಳಿಯುವುದಿಲ್ಲ. ಹೆರಿಫರ್ಡ್‌ಷೈರಿನ ಮಚ್ ಮಾರ್ಕಲ್ ಚರ್ಚಿನಲ್ಲಿ ಆ ಟೊಳ್ಳಿನೊಳಗೆ ಬೆಂಚು ಹಾಕಿದ್ದಾರೆ. ಒಳಗೆ ಕೂತು ಬ್ರೆಡ್ಡು ತಿಂದೆವು. ಉತ್ತರ ಸಿಗದಿದ್ದರೆ ಬೆಂಚು ಹಾಕುವುದು ಕೆಟ್ಟ ಪದ್ಧತಿಯಲ್ಲ.

*

ಅಲ್ಲಿಂದ ಕಿಲ್ಪೆಕ್. ಇದನ್ನು ನಿಧಾನವಾಗಿ ಬರೆಯಬೇಕು.

ವೇಲ್ಸ್ ಗಡಿಯ ಹತ್ತಿರ, ಸೇಂಟ್ ಮೇರಿ ಮತ್ತು ಸೇಂಟ್ ಡೇವಿಡ್ ಚರ್ಚು. ಸುಮಾರು 1140ರಲ್ಲಿ ಕಟ್ಟಿದ್ದು. ಚಿಕ್ಕದು, ನಮ್ಮ ಯಾವ ಹೊಯ್ಸಳ ಗುಡಿಯ ನವರಂಗದಲ್ಲೂ ಹಿಡಿಸಿಬಿಡಬಹುದು ಅನ್ನಿಸುವಷ್ಟು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಅಂದರೆ ಹಳೇಬೀಡಿನಲ್ಲಿ ಉಳಿಯ ಸದ್ದು ಕೇಳುತ್ತಿದ್ದ ಕಾಲದಲ್ಲೇ ಇಲ್ಲೂ ಕೇಳುತ್ತಿತ್ತು. ಅಲ್ಲಿ ಬಳಪದ ಕಲ್ಲು, ಇಲ್ಲಿ ಕೆಂಪು ಮರಳುಗಲ್ಲು. ಮರಳುಗಲ್ಲು ಇಷ್ಟು ಮಳೆಯಲ್ಲಿ ಒಂಬೈನೂರು ವರ್ಷ ಹೀಗೆ ಚೂಪಾಗಿ ಉಳಿದದ್ದೇ ಒಂದು ಸೋಜಿಗ.

ಚಾವಣಿಯ ಅಂಚಿನ ಕೆಳಗೆ ಗೋಡೆಯ ಸುತ್ತ ಸಾಲಾಗಿ ಚಾಚಿಕೊಂಡಿರುವ ಕಲ್ಲಿನ ತಲೆಗಳು, ಉಳಿದಿರುವುದು 85. ಕತ್ತು ನೋಯುವವರೆಗೆ ಸುತ್ತಿದೆ. ಒಂದು ಕಡೆ ನಾಯಿ ಮತ್ತು ಮೊಲ, ಅಕ್ಕಪಕ್ಕ, ಬೇಟೆಯಾಡುವುದನ್ನು ಮರೆತ ಸ್ನೇಹಿತರಂತೆ. ನಾಯಿಯ ಕಿವಿ ಜೋತಿದೆ, ಮೊಲದ ಕಣ್ಣು ದುಂಡಗೆ ಹೊರಗೆ ಬಂದಿದೆ. ಇಂದಿನ ಮಕ್ಕಳ ಕಾರ್ಟೂನಿನವರು ನೋಡಿದರೆ ನಮ್ಮದೇ ಅನ್ನಬೇಕು. ಆಮೇಲೆ ಹಂದಿ, ಟಗರು, ವಾದ್ಯ ನುಡಿಸುವವನು, ಮನುಷ್ಯನನ್ನು ನುಂಗುತ್ತಿರುವ ಯಾವುದೋ ಜಂತು. ದಕ್ಷಿಣದ ಬಾಗಿಲ ಮೇಲೆ ಬಳ್ಳಿ ಮರ, ಪಕ್ಕದ ಕಂಬಗಳಲ್ಲಿ ಒಂದಕ್ಕೊಂದು ಹೆಣೆದುಕೊಂಡ ಹಾವುಗಳು.

ಇವುಗಳ ನಡುವೆ ಒಬ್ಬಳು ಹೆಂಗಸು. ದೊಡ್ಡ ತಲೆ, ಬೋಳು, ಸಪ್ಪೆ ನಗು. ಎರಡೂ ಕೈಗಳನ್ನು ತೊಡೆಯ ಹಿಂದಿನಿಂದ ತಂದು ಯೋನಿಯನ್ನು ಹಿಗ್ಗಿಸಿ ತೋರಿಸುತ್ತಿದ್ದಾಳೆ. ಚರ್ಚಿನ ಗೋಡೆಯ ಮೇಲೆ! ಇಂಥ ಶಿಲ್ಪಕ್ಕೆ ಇಲ್ಲಿ ಶೀಲಾ ನಾ ಗಿಗ್ ಎನ್ನುತ್ತಾರೆ. ಐರ್ಲೆಂಡಿನಲ್ಲಿ ಇನ್ನೂ ಹೆಚ್ಚು ಸಿಗುತ್ತವೆ. ಕಾಮದ ಪಾಪ ಎಷ್ಟು ಕುರೂಪ ಎಂದು ಎಚ್ಚರಿಸಲು ಎಂಬುದು ಒಂದು ವಾದ, ಕೆಟ್ಟ ದೃಷ್ಟಿಯನ್ನು ಓಡಿಸಲು ಎಂಬುದು ಎರಡನೆಯದು, ಸಂತಾನಕ್ಕಾಗಿ ಪೂಜಿಸುತ್ತಿದ್ದ ಹಳೇ ದೇವತೆ ಎಂಬುದು ಮೂರನೆಯದು. ಹೊರಗೆ ಬಂದಿದ್ದ ಶಾಲಾ ಹುಡುಗರು ಕಿಸಿಕಿಸಿ ನಗುತ್ತಿದ್ದರು, ಟೀಚರು ನಾಯಿ ಮೊಲದ ಕಡೆ ಬೆರಳು ತೋರಿಸುತ್ತಿದ್ದರು. ಬೇಲೂರಿನಲ್ಲಿ ಪ್ರವಾಸಕ್ಕೆ ಕರೆದುಕೊಂಡು ಬಂದ ಮೇಷ್ಟರು ಮಾಡುವುದೂ ಇದನ್ನೇ.

ಕನ್ನಡದವನಿಗೆ ನೆನಪಾಗುವುದು ಲಜ್ಜಾಗೌರಿ. ಬಾದಾಮಿಯ ಸಂಗ್ರಹಾಲಯದಲ್ಲಿ ಇದ್ದಾಳೆ, ಐಹೊಳೆ ಹತ್ತಿರದ ಸಿದ್ದನಕೊಳ್ಳದಲ್ಲೂ ಇದ್ದಾಳೆ; ಅಲ್ಲಿ ಮಕ್ಕಳಾಗದವರು ಈಗಲೂ ಹರಕೆ ಹೊರುತ್ತಾರೆ. ಆದರೆ ಹೋಲಿಕೆಯನ್ನು ಬಹಳ ಎಳೆಯಬಾರದು. ಲಜ್ಜಾಗೌರಿಗೆ ತಲೆಯಿಲ್ಲ, ಆ ಜಾಗದಲ್ಲಿ ಕಮಲ. ಮೈ ತುಂಬಿದ ಚೆಲುವೆ. ಇವಳಿಗೆ ತಲೆಯೇ ಮುಕ್ಕಾಲು ಪಾಲು, ಚೆಲುವಿನ ಸುಳಿವೂ ಇಲ್ಲ. ಇಬ್ಬರ ನಡುವೆ ನಂಟು ಕಟ್ಟುವ ಪುಸ್ತಕಗಳಿವೆ. ನನಗೆ ಅವುಗಳ ಮೇಲೆ ನಂಬಿಕೆಯಿಲ್ಲ. ಕಾಲು ಅಗಲಿಸಿದವರೆಲ್ಲ ಅಕ್ಕತಂಗಿಯರಾಗಬೇಕಿಲ್ಲ. ನನಗೆ ಬಗೆಹರಿಯದ್ದು ಬೇರೆ: ನಡುವೆ ಪ್ಯೂರಿಟನ್ನರು ಬಂದು ದೇಶದ ಚರ್ಚುಗಳಲ್ಲಿ ಸಂತರ ಮೂಗು, ಮೇರಿಯ ತಲೆ ಒಡೆದು ಹಾಕಿದರಲ್ಲ, ಇವಳನ್ನು ಹೇಗೆ ಬಿಟ್ಟರು? ಸಂತರನ್ನು ಪೂಜಿಸುತ್ತಾರೆ ಎಂಬ ಭಯಕ್ಕೆ ಒಡೆದರು. ಇವಳನ್ನು ಯಾರೂ ಪೂಜಿಸುತ್ತಿರಲಿಲ್ಲ, ಅದಕ್ಕೇ ಬದುಕಿದಳು ಎಂಬುದು ನನ್ನ ಊಹೆ.

*

ಬಾಗಿಲ ಚೌಕಟ್ಟಿನ ಕಲ್ಲಿನಲ್ಲಿ ಒಂದು ಸಣ್ಣ ತೂತು. ಅದರಿಂದ ಕೆಳಕ್ಕೆ ಬೀಸಣಿಗೆಯ ಕಡ್ಡಿಗಳಂತೆ ಗೀರುಗಳು. ಪೋಲಿ ಹುಡುಗರ ಕೆಲಸವಲ್ಲ. ತೂತಿನಲ್ಲಿ ಕಡ್ಡಿ ಸಿಕ್ಕಿಸಿ ನೆರಳು ಯಾವ ಗೀರಿನ ಮೇಲೆ ಬಿತ್ತೆಂದು ನೋಡಿ ಪ್ರಾರ್ಥನೆಯ ಗಂಟೆ ಹೊಡೆಯುತ್ತಿದ್ದರು. ಗಡಿಯಾರ ಬರುವ ಮುಂಚಿನ ಮಾತು. ದಕ್ಷಿಣದ ಗೋಡೆಯಲ್ಲೇ ಇರಬೇಕು, ಬಿಸಿಲು ಬೀಳುವುದು ಅಲ್ಲಿಗೆ. ಒಂದು ಊರಲ್ಲಿ ಇದೇ ಗುರುತು ಮುಖಮಂಟಪದ ಒಳಗೆ, ನೆರಳಿನಲ್ಲಿದೆ. ಮಂಟಪ ಆಮೇಲೆ ಕಟ್ಟಿದ್ದು. ಇನ್ನೊಂದು ಕಡೆ ತಲೆಕೆಳಗಾಗಿದೆ, ಕಲ್ಲನ್ನು ಕಿತ್ತು ಮತ್ತೆ ಇಟ್ಟ ಗಾರೆಯವನು ನೋಡಿರಲಿಲ್ಲ. ಅಂಥದ್ದನ್ನು ಹುಡುಕುವ ಚಟ ಹತ್ತಿದ ಮೇಲೆ ಅಳಿಯ ಕಾರಿನಲ್ಲೇ ಕೂತು ನಿದ್ದೆ ಮಾಡಲು ಕಲಿತ.

*

ಏವ್‌ಬರಿ. ವಿಲ್ಟ್‌ಷೈರ್‌ಗೆ ವಾಪಸು.

ದೊಡ್ಡ ಏರಿ, ಕಂದಕ, ಸುಮಾರು 330 ಮೀಟರ್ ಅಡ್ಡಗಲದ ಕಲ್ಲಿನ ವೃತ್ತ, ಅದರೊಳಗೆ ಅರ್ಧ ಹಳ್ಳಿ, ಒಂದು ಹೆಂಡದಂಗಡಿ, ಕುರಿಗಳು. ಕಲ್ಲನ್ನು ಮುಟ್ಟಬಹುದು, ಒರಗಬಹುದು. ಚರ್ಚು ಮಾತ್ರ ಏರಿಯ ಹೊರಗಿದೆ, ನೋಲ್ಟನ್ನಿಗೆ ತದ್ವಿರುದ್ಧ. ಒಂದೇ ನಾಡಿನಲ್ಲಿ ಒಂದು ಊರಿನವರು ಹಳೆಯ ವೃತ್ತದ ಹೊಟ್ಟೆಯೊಳಗೆ ಚರ್ಚು ಕಟ್ಟುತ್ತಾರೆ, ಇನ್ನೊಂದು ಊರಿನವರು ಆಚೆ ನಿಲ್ಲಿಸುತ್ತಾರೆ. ಪೋಪರ ಪತ್ರದಿಂದ ಎಲ್ಲವನ್ನೂ ವಿವರಿಸುವವರು ಇದಕ್ಕೇನು ಹೇಳುತ್ತಾರೆ?

14ನೇ ಶತಮಾನದಲ್ಲಿ ಊರವರು, ಪಾಪಭೀತಿಯಿಂದಲೋ ಏನೋ, ಕೆಲವು ಕಲ್ಲುಗಳನ್ನು ಉರುಳಿಸಿ ಹೂತರು. 1938ರಲ್ಲಿ ಅಲೆಕ್ಸಾಂಡರ್ ಕೀಲರ್ ಎಂಬಾತ ಅಂಥ ಒಂದನ್ನು ಎತ್ತಿಸಿದಾಗ ಅಡಿಯಲ್ಲಿ ಒಬ್ಬನ ಅಸ್ಥಿಪಂಜರ ಸಿಕ್ಕಿತು. ಜೊತೆಗೆ ಕತ್ತರಿ, ಸಲಾಕೆಯಂಥ ಒಂದು ಸಾಧನ, 1320ರ ದಶಕದ ನಾಣ್ಯಗಳು. ಕ್ಷೌರಿಕನೂ ವೈದ್ಯನೂ ಆಗಿದ್ದವನು, ಕಲ್ಲು ಉರುಳಿಸಲು ನೆರವಾಗಿ ಅದರಡಿ ಸಿಕ್ಕಿ ಸತ್ತ ಎಂದು ಕತೆ ಕಟ್ಟಿದರು. ಲಂಡನ್ನಿನ ಬಾಂಬ್ ದಾಳಿಯಲ್ಲಿ ಮೂಳೆಗಳು ನಾಶವಾದವು ಎಂದೂ ನಂಬಿದರು. 1990ರ ದಶಕದ ಕೊನೆಯಲ್ಲಿ ಮೂಳೆಗಳು ಒಂದು ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಸಿಕ್ಕವು, ಪರೀಕ್ಷಿಸಿದರೆ ಜಜ್ಜಿದ ಗುರುತೇ ಇಲ್ಲ. ಕಲ್ಲು ಅವನನ್ನು ಕೊಂದಿತು ಎಂಬುದು ಬಿದ್ದುಹೋಯಿತು. ಹಾಗಾದರೆ ಅಲ್ಲಿಗೆ ಹೇಗೆ ಬಂದ? ಮತ್ತೆ ಅದೇ ಉತ್ತರ: ಗೊತ್ತಿಲ್ಲ.

17 ಮತ್ತು 18ನೇ ಶತಮಾನದಲ್ಲಿ ಹೂಳುವ ತಾಳ್ಮೆಯೂ ಹೋಯಿತು. ಹುಲ್ಲು ಹಾಕಿ ಬೆಂಕಿ ಕೊಟ್ಟು ಕಲ್ಲನ್ನು ಕಾಯಿಸಿ, ತಣ್ಣೀರು ಸುರಿದು, ಸುತ್ತಿಗೆಯಿಂದ ಬಡಿದು ಚೂರು ಮಾಡಿದರು. ನಮ್ಮ ಕಲ್ಲು ಕೆಲಸದವರು ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಆ ಚೂರುಗಳು ಹಳ್ಳಿಯ ಮನೆಗಳ ಗೋಡೆಯಲ್ಲಿವೆ. ವಿಲಿಯಂ ಸ್ಟೂಕ್ಲಿ ಎಂಬಾತ 1720ರ ದಶಕದಲ್ಲಿ ಬಂದು ಒಡೆಯುವುದನ್ನು ಕಣ್ಣಾರೆ ಕಂಡು, ಅಳುತ್ತಾ ಬರೆದಿಟ್ಟ. ಕೀಲರ್ 1930ರ ದಶಕದಲ್ಲಿ ಹೂತ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ. ಅವನ ಕುಟುಂಬಕ್ಕೆ ಮಾರ್ಮಲೇಡ್ ವ್ಯಾಪಾರ. ಕಿತ್ತಳೆ ಸಿಪ್ಪೆಯ ದುಡ್ಡಿನಿಂದ ಎದ್ದು ನಿಂತ ಶಿಲಾಯುಗ ಇದು. ಪಾಪಭೀತಿಯಿಂದ ಹೂತವರು ಕಲ್ಲನ್ನು ಉಳಿಸಿದರು, ಯಾವ ಭೀತಿಯೂ ಇಲ್ಲದವರು ಒಡೆದು ಮನೆ ಕಟ್ಟಿಕೊಂಡರು. ಈ ಲೆಕ್ಕ ನನಗೆ ಇನ್ನೂ ಕೂಡಿಬಂದಿಲ್ಲ.

*

ಕೆಂಟ್ ಪ್ರಾಂತದ ಥ್ರೌಲಿ. ಸೇಬಿನ ತೋಟಗಳ ನಡುವೆ ಸೇಂಟ್ ಮೈಕಲ್ ಚರ್ಚು. ಇಲ್ಲಿಗೆ ಬಂದದ್ದು ಕಲ್ಲಿಗಾಗಿ ಅಲ್ಲ, ಒಂದು ಹೆಸರಿಗಾಗಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಸೈನ್ಯದ ದಂಡನಾಯಕನಾಗಿದ್ದ ಜನರಲ್ ಜಾರ್ಜ್ ಹ್ಯಾರಿಸ್ ಇಲ್ಲಿ ಮಣ್ಣಾಗಿದ್ದಾನೆ, ಸ್ಮಾರಕವೂ ಇದೆ. ತನ್ನ ಪಾಲಿಗೆ ಬಂದ ಲೂಟಿಯ ಹಣದಲ್ಲಿ 1801ರಲ್ಲಿ ಹತ್ತಿರದ ಬೆಲ್ಮಾಂಟ್ ಮನೆಯನ್ನು ಕೊಂಡ. 1815ರಲ್ಲಿ ಬ್ಯಾರನ್ ಪಟ್ಟ ಬಂತು. ಆ ಪಟ್ಟದ ಪೂರ್ಣ ಹೆಸರಿನಲ್ಲಿ ಬೆಲ್ಮಾಂಟಿಗಿಂತ ಮೊದಲು ಬರುವುದು ಶ್ರೀರಂಗಪಟ್ಟಣ ಮತ್ತು ಮೈಸೂರು. ಪಟ್ಟ ಇನ್ನೂ ನಡೆಯುತ್ತಿದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ಕೆಂಟಿನ ಹಳ್ಳಿಯೊಂದರಲ್ಲಿ ನಿಂತು, ನನ್ನೂರು ಇನ್ನೊಬ್ಬರ ಮನೆತನದ ಹೆಸರಾಗಿರುವುದನ್ನು ಯೋಚಿಸುತ್ತಾ, ಸಿಟ್ಟು ಬರಬೇಕೋ ಬೇಡವೋ ಎಂದು ತೀರ್ಮಾನಿಸಲಾಗದೆ ಹೊರಗೆ ಬಂದೆ.

ಹ್ಯಾರಿಸನ ಮೊಮ್ಮಗ 1854ರಿಂದ 59ರವರೆಗೆ ಮದರಾಸಿನ ಗವರ್ನರ್. ಮರಿಮಗ 1890ರಿಂದ 95ರವರೆಗೆ ಬೊಂಬಾಯಿಯ ಗವರ್ನರ್, ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕನೂ ಆಗಿದ್ದವನು. ತೆಂಡೂಲ್ಕರ್ ಮತ್ತು ಕಾಂಬ್ಳಿ 1988ರಲ್ಲಿ 664 ಓಟ ಕೂಡಿಹಾಕಿದರಲ್ಲ, ಆ ಹ್ಯಾರಿಸ್ ಶೀಲ್ಡ್ ಪಂದ್ಯಾವಳಿಗೆ ಅವನದೇ ಹೆಸರು. ಈ ವಿಷಯ ಹೇಳಿದ ಮೇಲೆ ಅಳಿಯ ಕಾರಿನಿಂದ ಇಳಿದು ಒಳಗೆ ಹೋಗಿ ನೋಡಿ ಬಂದ.

*

ಕೊನೆಯ ಗೊಂದಲ ಲೆಕ್ಕದ್ದು. ಇಂಗ್ಲೆಂಡಿನ ಅಧಿಕೃತ ಚರ್ಚಿನ ಕೈಯಲ್ಲಿ ಸುಮಾರು 16,000 ಕಟ್ಟಡಗಳಿವೆ. ಬರುವವರು ಕಡಿಮೆ, ಬಂದವರೂ ನನ್ನ ವಯಸ್ಸಿನವರು. ಒಬ್ಬ ಪಾದ್ರಿಗೆ ಐದಾರು ಹಳ್ಳಿ, ವಾರಕ್ಕೊಂದು ಕಡೆ ಸರದಿ. ಪ್ರಾರ್ಥನೆ ನಿಂತ ಚರ್ಚುಗಳನ್ನು ನೋಡಿಕೊಳ್ಳಲು 1969ರಲ್ಲಿ ಶುರುವಾದ ಒಂದು ಟ್ರಸ್ಟಿನ ಕೈಯಲ್ಲಿ ಈಗ 350ಕ್ಕೂ ಹೆಚ್ಚು ಚರ್ಚುಗಳಿವೆ. ಅದಕ್ಕೂ ಮುಂಚೆ, 1957ರಲ್ಲಿ, 'ಗೆಳೆಯರಿಲ್ಲದ ಚರ್ಚುಗಳ ಗೆಳೆಯರು' ಎಂಬರ್ಥದ ಹೆಸರಿಟ್ಟುಕೊಂಡು ಇನ್ನೊಂದು ಸಂಘ ಹುಟ್ಟಿತು. ಕೆಲವು ಚರ್ಚುಗಳಲ್ಲಿ ಬಾಡಿಗೆ ಕೊಟ್ಟು ರಾತ್ರಿ ಮಲಗಬಹುದು, ಮಂಚ ಹಾಸಿಗೆ ಕೊಡುತ್ತಾರೆ. ಮಗಳು ಖಡಾಖಂಡಿತವಾಗಿ ಬೇಡ ಎಂದಳು.

ದೇವರನ್ನು ನಂಬದ ಜನ ದೇವರ ಮನೆಯ ಚಾವಣಿಗೆ ಚಂದಾ ಎತ್ತುತ್ತಾರೆ. ಹೂವು ಜೋಡಿಸುತ್ತಿದ್ದ ಆ ಮುದುಕಿಯನ್ನೂ ಕೇಳಿದ್ದೆ, ಭಾನುವಾರ ಬರುತ್ತೀರಾ ಎಂದು. "ಕ್ರಿಸ್‌ಮಸ್ಸಿಗೆ ಬರುತ್ತೇನೆ. ನನ್ನ ಅಜ್ಜಿ ಇಲ್ಲಿದ್ದಾಳೆ, ಕಿಟಕಿಯ ಕೆಳಗೆ" ಎಂದರು. ಭಕ್ತಿಗಿಂತ ಇದು ಗಟ್ಟಿ ಕಾರಣ ಎಂದು ನನ್ನ ತೀರ್ಪು. ನಮ್ಮೂರ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಚರಂಡಿಗೆ ಚಪ್ಪಡಿಯಾಗಿ ಹಾಕದೆ ಉಳಿಸುವವನೂ ಇಂಥ ಯಾವುದೋ ಕಾರಣಕ್ಕೆ ಉಳಿಸುತ್ತಾನೆಯೇ ಹೊರತು ಪುರಾತತ್ವ ಇಲಾಖೆಯ ನೀಲಿ ಫಲಕಕ್ಕೆ ಹೆದರಿ ಅಲ್ಲ.

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಬರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಲಂಡನ್ ಸೇತುವೆ, ಅರಮನೆ ನೋಡಿ ಮುಗಿದ ಮೇಲೆ ನೀವಿರುವ ಊರಿನ ಕಿತ್ತಳೆ ನಕಾಶೆ ಕೊಳ್ಳಿ. ಶಿಲುಬೆ ಹುಡುಕಿ ಹೋಗಿ. ಜೇಬಿನಲ್ಲಿ ಚಿಲ್ಲರೆ ಇರಲಿ, ಬೇಸಿಗೆಯಾದರೂ ಸ್ವೆಟರ್ ಇರಲಿ, ಕಲ್ಲಿನ ಕಟ್ಟಡದೊಳಗೆ ಜುಲೈನಲ್ಲೂ ಚಳಿ. ಬಾಗಿಲ ಬಳೆ ಗಟ್ಟಿಯಾಗಿದ್ದರೆ ಬೀಗ ಹಾಕಿದೆ ಎಂದು ಹಿಂದಿರುಗಬೇಡಿ, ಇನ್ನೊಂದು ಕಡೆಗೆ ತಿರುವಿ ನೋಡಿ. ಬರುವಾಗ ಎಳೆದು ಮುಚ್ಚಿ ಬನ್ನಿ, ಗುಬ್ಬಚ್ಚಿಗಳು ಒಳಗೆ ಸಿಕ್ಕಿಕೊಂಡರೆ ಮುಂದಿನ ಭಾನುವಾರದವರೆಗೆ ಬಿಡಿಸುವವರಿರುವುದಿಲ್ಲ.